'ಕ್ರೋಕಿ'ಗೆ ಕನ್ನಡ ಪದ ಬೇಕು, ತುರ್ತು

ಪ್ರಶ್ನೆ:
ವಸ್ತ್ರವಿನ್ಯಾಸ ಕಲಿಯುವವರ ಚಿತ್ರಾಭ್ಯಾಸದ ಕೈಪಿಡಿಯೊಂದನ್ನು ಅನುವಾದಿಸುತ್ತಿದ್ದೇನೆ. ನಾಳೆ ಸಂಜೆ ಮುದ್ರಣಕ್ಕೆ ಹೋಗಬೇಕು; ಎರಡು ಪದಗಳ ಜಾಗ ಇನ್ನೂ ಖಾಲಿ. ಒಂದು, 'ಕ್ರೋಕಿ': ಉಡುಪು ತೊಡಿಸಿ ತೋರಿಸುವ ಮೊದಲು ತೆಳುಗೆರೆಯಲ್ಲಿ ಬರೆದುಕೊಳ್ಳುವ ಮೈಯ ಆಕೃತಿ. ತಲೆಯ ಉದ್ದವನ್ನೇ ಅಳತೆಯಾಗಿಟ್ಟರೆ ಸಾಮಾನ್ಯರ ಎತ್ತರ ಸುಮಾರು 7.5 ತಲೆ, ಇಲ್ಲಿ ಕಾಲನ್ನು ಉದ್ದ ಮಾಡಿ 9 ತಲೆಗೆ ಎಳೆಯುತ್ತಾರೆ. ಎರಡು, ಬಟ್ಟೆ ತಾನಾಗಿ ಇಳಿಬಿದ್ದಾಗ ಮೂಡುವ ಮಡಿಕೆ. 'ನಿರಿಗೆ' ಸಾಕೇ?

ಉತ್ತರ 1:
ಮೊದಲನೆಯದಕ್ಕೆ 'ಅಚ್ಚು', ಎರಡನೆಯದಕ್ಕೆ 'ನಿರಿಗೆ'. ಹಳಗನ್ನಡದ 'ನಿಱಿ'ಯಿಂದ ಬಂದ ಅಪ್ಪಟ ಪದ ಇರುವಾಗ ಚರ್ಚೆ ಏತಕ್ಕೆ?

ಉತ್ತರ 2:
'ಅಚ್ಚು' ಬೇಡವೇ ಬೇಡ. ತರಗತಿಯಲ್ಲಿ ನಾನು ದಿನವೂ ಹೆಣಗುವುದೇ ಅದರೊಂದಿಗೆ. ವಿದ್ಯಾರ್ಥಿಗಳು ಸಿದ್ಧ ಆಕೃತಿಯನ್ನು ಹಾಳೆಯ ಅಡಿಗಿಟ್ಟು ಅದರ ಮೇಲೆಯೇ ಗೆರೆ ತಿದ್ದುತ್ತಾರೆ. ಕೋಟಾಗಲಿ ಲಂಗವಾಗಲಿ ಒಂದೇ ಭಂಗಿಗೆ ಅಂಟಿಕೊಂಡಿರುತ್ತದೆ. ಅಡಿಯ ಹಾಳೆ ಕಿತ್ತುಕೊಂಡು, ಎದುರಿಗೆ ಒಬ್ಬರನ್ನು ನಿಲ್ಲಿಸಿ, ಎರಡು ನಿಮಿಷದಲ್ಲಿ ಬರೆಯಿರಿ ಎಂದರೆ ಪೆನ್ಸಿಲ್ ಓಡುವುದಿಲ್ಲ. ಒಂದು ಕಾಲಿನ ಮೇಲೆ ಭಾರ ಬಿದ್ದರೆ ಆ ಬದಿಯ ಸೊಂಟ ಏರುತ್ತದೆ, ಭುಜ ಇಳಿಯುತ್ತದೆ. ಅದನ್ನು ನೋಡುವ ಅಭ್ಯಾಸವೇ ಅವರಿಗೆ ಆಗಿರುವುದಿಲ್ಲ. 'ಮೈಗೆರೆ' ಎನ್ನಿ.

'ನಿರಿಗೆ'ಯೂ ತಪ್ಪು. ಅದು ಬೆರಳಲ್ಲಿ ಹಿಡಿದು ಮಾಡುವಂಥದ್ದು. ಜೋತುಬಿದ್ದ ಬಟ್ಟೆಯ ಮಡಿಕೆ ತಾನು ಆತುಕೊಂಡ ಭುಜದಿಂದಲೋ ಮೊಣಕಾಲಿನಿಂದಲೋ ಹುಟ್ಟಿ ಕೆಳಕ್ಕೆ ಹರಡುತ್ತದೆ. ನಿರಿಗೆ ಎಂದೊಡನೆ ಸಾಲಾಗಿ ಗೆರೆ ಎಳೆದು ತೋಳನ್ನು ಬೀಸಣಿಗೆ ಮಾಡಿಬಿಡುತ್ತಾರೆ. 'ಇಳಿಮಡಿಕೆ' ಇರಲಿ.

ಉತ್ತರ 3:
9 ತಲೆಯ ಆಕೃತಿಗೆ ಹೊಸ ಪದ ಹೊಸೆಯಬೇಕೆ? ಶಿಲ್ಪಶಾಸ್ತ್ರದಲ್ಲಿ 'ನವತಾಲ' ಇದೆ. ಓದದವರು ಪದ ಕಟ್ಟಲು ಹೊರಟರೆ ಹೀಗೇ ಆಗುವುದು.

ಉತ್ತರ 2 ಬರೆದವರಿಂದ:
ತಾಲವೆಂದರೆ ಕೂದಲಂಚಿನಿಂದ ಗಲ್ಲದವರೆಗಿನ ಮುಖ, 12 ಅಂಗುಲ. ತಲೆಯಲ್ಲ. ನೆತ್ತಿಯನ್ನೂ ಸೇರಿಸಿ ಅಳೆದ 9 ತಲೆ ನವತಾಲಕ್ಕಿಂತ ಉದ್ದವಾಗುತ್ತದೆ. ಓದಿಯೇ ಹೇಳುತ್ತಿದ್ದೇನೆ.

ಉತ್ತರ 4:
'ಕ್ರೋಕಿ' ಎಂದೇ ಬಿಡಿ. ದರ್ಜಿ ಪಾರಸಿಯಿಂದ ಬಂತು, ಜೇಬು ಅರಬ್ಬಿಯಿಂದ, ಸೂಜಿ ಸಂಸ್ಕೃತದಿಂದ. ಹೊಲಿಗೆಯೇನೂ ನಿಲ್ಲಲಿಲ್ಲ.

ಉತ್ತರ 1 ಬರೆದವರಿಂದ:
ಬಂದವು, ನೂರಾರು ವರ್ಷ ಬಾಯಲ್ಲಿ ಪಳಗಿದವು. 'ಕ್ರೋಕಿ' ಯಾರ ಬಾಯಲ್ಲಿ ಪಳಗಿದೆ? ಸಾಲದ್ದಕ್ಕೆ ಬಟ್ಟೆಯ ಮೇಲೆ ಮುದ್ರಿಸುವ ಚಿತ್ತಾರದ ಮೊದಲ ಕರಡಿಗೂ ಅದೇ ಹೆಸರು. ಎರವಲು ತಂದರೆ ಗೊಂದಲವೂ ಜೊತೆಗೇ ಬರುತ್ತದೆ. 'ಅಚ್ಚು' ಬೇಡವಾದರೆ 'ಮೈಗೆರೆ'ಗೆ ನನ್ನ ತಕರಾರಿಲ್ಲ. 'ನಿರಿಗೆ'ಯನ್ನು ಬಿಟ್ಟುಕೊಡಲಾರೆ.

ಪ್ರಶ್ನೆ ಕೇಳಿದವರಿಂದ:
'ಮೈಗೆರೆ', 'ಇಳಿಮಡಿಕೆ' ಎಂದು ಹಾಕಿದ್ದೇನೆ; ಮೊದಲ ಪುಟದಲ್ಲಿ ಮಾತ್ರ 'ಕ್ರೋಕಿ' ಜೊತೆಗಿರುತ್ತದೆ. ಮೈಯಿಲ್ಲದೆ ಉಡುಪನ್ನಷ್ಟೇ ಹರಡಿಟ್ಟಂತೆ, ಹೊಲಿಗೆ ಗೆರೆ, ಗುಂಡಿ ಎಲ್ಲವನ್ನೂ ತೋರಿಸಿ ಬರೆಯುವ 'ಫ್ಲಾಟ್'ಗೆ ಏನೆನ್ನಲಿ? 'ನಕ್ಷೆ' ಅರಬ್ಬಿ ಎಂದು ದಯವಿಟ್ಟು ಯಾರೂ ಶುರು ಮಾಡಬೇಡಿ.