ಅಪ್‌ಡೇಟ್: ಹೊಟ್ಟೆ ಕರಗಿಸೋಕೆ ಕ್ರಂಚಸ್ ಸಾಕಾ ಅಂತ ಕೇಳಿದ್ದೆ, ಮೂರು ತಿಂಗಳಾಯ್ತು

ಬಳ್ಳಾರಿಯಿಂದ ಬರೆಯುತ್ತಿದ್ದೇನೆ. ಮಾರ್ಚ್‌ನಲ್ಲಿ ಕೇಳಿದ್ದೆ: ತೂಕ 84 ಕೆ.ಜಿ., ದಿನಾ ನೂರು ಕ್ರಂಚಸ್ (ಅಂಗಾತ ಮಲಗಿ ತಲೆ, ಭುಜ ಎತ್ತುವ ಹೊಟ್ಟೆಯ ವ್ಯಾಯಾಮ) ಮಾಡಿದರೂ ಹೊಟ್ಟೆ ಯಾಕೆ ಇಳಿಯುತ್ತಿಲ್ಲ? ಒಂದೇ ಜಾಗದ ಕೊಬ್ಬನ್ನು ಆರಿಸಿ ಕರಗಿಸೋಕೆ ಆಗಲ್ಲ, ಊಟ ಸರಿ ಮಾಡಿಕೊಳ್ಳಿ, ಇಡೀ ಮೈಗೆ ಕೆಲಸ ಕೊಡಿ ಅಂತ ಒಬ್ಬ ಅಕ್ಕ ಹೇಳಿದ್ದರು. ಹಾಗೇ ಮಾಡಿದೆ. ಈಗ 79.

ಊಟದಿಂದಲೇ ಜಾಸ್ತಿ ಫಲ ಸಿಕ್ಕಿತು. ಒಗ್ಗರಣಿ ಮಿರ್ಚಿ ಈಗ ಭಾನುವಾರ ಮಾತ್ರ. ಜೋಳದ ರೊಟ್ಟಿ ಬಿಟ್ಟಿಲ್ಲ, ಮೂರರ ಬದಲು ಎರಡು. ಜೊತೆಗೆ ಮೊಳಕೆ ಹೆಸರುಕಾಳು, ಮೊಟ್ಟೆ, ಮೊಸರು. ಪ್ರೋಟೀನ್ ಇದೆ ಅಂತ ಶೇಂಗಾ ಚಟ್ನಿಯನ್ನು ಸಿಕ್ಕಾಪಟ್ಟೆ ತಿನ್ನುತ್ತಿದ್ದೆ. 100 ಗ್ರಾಂ ಶೇಂಗಾದಲ್ಲಿ ಪ್ರೋಟೀನ್ ಸುಮಾರು 25 ಗ್ರಾಂ, ಆದರೆ ಕೊಬ್ಬು 50 ಗ್ರಾಂ ಹತ್ತಿರ! ಈಗ ಊಟಕ್ಕೆ ಒಂದೇ ಚಮಚ.

ವಾರಕ್ಕೆ ಮೂರು ದಿನ ಬೈಠಕ್ (ಬಸ್ಕಿ), ದಂಡ (ಪುಷ್‌ಅಪ್ ಥರ). ದಂಡವನ್ನು ಗೋಡೆಗೆ ಕೈಯೂರಿ ಶುರು ಮಾಡಿದೆ, ಈಗ ನೆಲದ ಮೇಲೆ ಎಂಟು ದಂಡ ಹೊಡೆಯುತ್ತೇನೆ. ಮೊದಲ ಬೈಠಕ್ ಮಾಡಿ ಎರಡು ದಿನಕ್ಕೆ ತೊಡೆ ತುಂಬಾ ನೋಯಿತು. ಹೆದರಿದ್ದೆ. ಹೊಸದಾಗಿ ಶುರು ಮಾಡಿದಾಗ ಒಂದರಿಂದ ಮೂರು ದಿನದಲ್ಲಿ ಹೀಗೆ ನೋಯುವುದು ಸಾಮಾನ್ಯವಂತೆ, ತಾನಾಗೇ ಹೋಯಿತು. ಬಿಸಿಲಿಗೆ ಹೆದರಿ ನಡಿಗೆಯನ್ನು ಬೆಳಿಗ್ಗೆ ಆರೂವರೆಯೊಳಗೆ ಮುಗಿಸುತ್ತೇನೆ.

ನಾಲ್ಕನೇ ವಾರ ಮದುವೆ ಊಟ ಮಾಡಿ ಬಂದ ಮರುದಿನ ತೂಕ ಒಂದು ಕೆ.ಜಿ. ಏರಿತ್ತು. ಸುಮ್ನೆ ಬಿಟ್ಟುಬಿಡೋಣ ಅನ್ನಿಸಿತು. ಉಪ್ಪು ಜಾಸ್ತಿಯಾದರೆ ಮೈ ನೀರು ಹಿಡಿಯುತ್ತದೆ, ಅಷ್ಟೇ. ಮೂರು ದಿನದಲ್ಲಿ ಇಳಿಯಿತು.

ನಮ್ಮವ್ವನೂ ಈಗ ಕುರ್ಚಿಯಿಂದ ಎದ್ದು ಕೂರುವುದನ್ನು ದಿನಾ ಹತ್ತು ಸಲ ಮಾಡುತ್ತಾಳೆ. ಆ ಅಕ್ಕನಿಗೆ ತುಂಬಾ ಥ್ಯಾಂಕ್ಸ್.