ಮೈದಾನದ ಲ್ಯಾಕ್ರೋಸ್, ಬಾಕ್ಸ್ ಲ್ಯಾಕ್ರೋಸ್: ಫಿಸಿಯೋ ಮೇಡಂ ಜೊತೆ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಕ್ರಿಕೆಟ್ ಜೊತೆ ಲ್ಯಾಕ್ರೋಸ್ ಕೂಡ ಸೇರಿದೆ. 2023ರ ಅಕ್ಟೋಬರ್‌ನಲ್ಲಿ ಆ ತೀರ್ಮಾನ ಆಗಿದ್ದು ನಮ್ಮ ಮುಂಬೈಯಲ್ಲೇ. ಅವತ್ತಿನಿಂದ ಗುಂಪಿಗೆ ವಿಡಿಯೊಗಳು ಬರುತ್ತಲೇ ಇವೆ. ಒಂದರಲ್ಲಿ ದೊಡ್ಡ ಹುಲ್ಲಿನ ಮೈದಾನ, ಇನ್ನೊಂದರಲ್ಲಿ ಸುತ್ತ ಗೋಡೆ. ಎರಡೂ ಒಂದೇ ಆಟವಾ ಅಂತ ಕೇಳುವವರು ಜಾಸ್ತಿ. ಕೆನಡಾದಲ್ಲಿ ಎರಡೂ ಬಗೆಯ ತಂಡಗಳ ಜೊತೆ ಕೆಲಸ ಮಾಡಿ, ಈಗ ಮೈಸೂರಿನಲ್ಲಿ ಪ್ರಾಕ್ಟೀಸ್ ಮಾಡುತ್ತಿರುವ ಫಿಸಿಯೋ ಮೇಡಂ ಉತ್ತರ ಕೊಡುತ್ತಾರೆ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಕುವೆಂಪುನಗರದಿಂದ: ಮೇಡಂ, ಏನೂ ಗೊತ್ತಿಲ್ಲದವರಿಗೆ ಅರ್ಥ ಆಗೋ ಹಾಗೆ ವ್ಯತ್ಯಾಸ ಹೇಳ್ತೀರಾ?

ಫಿಸಿಯೋ ಮೇಡಂ: ಖಂಡಿತ. ಎರಡರಲ್ಲೂ ಬಲೆ ಕಟ್ಟಿದ ಕೋಲಿನಲ್ಲಿ ಚೆಂಡು ಹಿಡಿದು, ಎಸೆದು, ಗೋಲು ಹೊಡೆಯಬೇಕು. ಅಲ್ಲಿಂದ ಮುಂದೆ ದಾರಿ ಬೇರೆ.

ಹೊರಗಿನ ಆಟಕ್ಕೆ ಸುಮಾರು 100 ಮೀಟರ್ ಉದ್ದ, 55 ಮೀಟರ್ ಅಗಲದ ಮೈದಾನ ಬೇಕು. ಪುರುಷರ ಆಟದಲ್ಲಿ ಒಂದು ಕಡೆ 10 ಜನ. ಗೋಲು 6 ಅಡಿ ಅಗಲ, 6 ಅಡಿ ಎತ್ತರ. ಗೋಲಿನ ಹಿಂದೆಯೂ 15 ಗಜ ಜಾಗ ಇರುತ್ತದೆ, ಅಲ್ಲಿಂದಲೇ ಎಷ್ಟೋ ದಾಳಿ ಶುರುವಾಗುತ್ತವೆ. ಹೊಸಬರು ನೋಡುವಾಗ ಅಲ್ಲಿ ಕಣ್ಣಿಡಿ. ಆಫ್‌ಸೈಡ್ ಕೂಡ ಉಂಟು. ಗೋಲಿ, ಅಂದರೆ ಗೋಲ್‌ಕೀಪರ್, ಸೇರಿ ನಾಲ್ಕು ಜನ ತಮ್ಮ ಅರ್ಧದಲ್ಲಿ, ಮೂರು ಜನ ಎದುರಿನ ಅರ್ಧದಲ್ಲಿ ಇರಲೇಬೇಕು. ರಕ್ಷಣೆಯವರ ಕೈಯಲ್ಲಿ 6 ಅಡಿ ಉದ್ದದ ಕೋಲು ಕಂಡರೆ ಅದು ಮೈದಾನದ ಆಟ.

ಒಳಗಿನದನ್ನು ಬಾಕ್ಸ್ ಅಂತಾರೆ. 1930ರ ದಶಕದಲ್ಲಿ ಕೆನಡಾದಲ್ಲಿ ಬೆಳೆದದ್ದು. ಬೇಸಿಗೆಯಲ್ಲಿ ಐಸ್ ಹಾಕಿ ಆಟದ ಅಂಕಣ ಖಾಲಿ ಬಿದ್ದಿರುತ್ತಿತ್ತು, ಅದನ್ನೇ ಬಳಸಿಕೊಂಡರು. ಸುಮಾರು 200 ಅಡಿ ಉದ್ದ, 85 ಅಡಿ ಅಗಲ. ಗೋಲಿ ಸೇರಿ ಆರು ಜನ. ಆಫ್‌ಸೈಡ್ ಇಲ್ಲ, ಉದ್ದ ಕೋಲು ಇಲ್ಲ. ಗೋಲಿನ ಎತ್ತರ 4 ಅಡಿ ಅಷ್ಟೇ. ಚೆಂಡು ಕೇರಂ ಕಾಯಿಯ ಹಾಗೆ ಗೋಡೆಗೆ ಬಡಿದು ವಾಪಸ್ ಬರುತ್ತದೆ, ಹೊರಗೆ ಹೋಗುವುದು ಕಡಿಮೆ. ವೃತ್ತಿಪರ ಲೀಗ್‌ನಲ್ಲಿ ಚೆಂಡು ಸಿಕ್ಕ 30 ಸೆಕೆಂಡಿನೊಳಗೆ ಗೋಲಿನತ್ತ ಹೊಡೆಯಬೇಕು. ಉಸಿರಾಡಲೂ ಪುರುಸೊತ್ತಿಲ್ಲ.

ವಿಜಯನಗರದ ಹುಡುಗ: ಸೂಪರ್ ಮೇಡಂ. ಒಲಿಂಪಿಕ್ಸ್‌ನಲ್ಲೂ ಆರು ಜನ ಅಂತೆ. ಹಾಗಾದರೆ ಅದು ಬಾಕ್ಸ್ ಅಲ್ವಾ?

ಫಿಸಿಯೋ ಮೇಡಂ: ಅಲ್ಲ. ಅದರ ಹೆಸರು ಸಿಕ್ಸಸ್. ಬಯಲಿನಲ್ಲೇ ಆಡುವುದು, ಗೋಡೆ ಇಲ್ಲ, ಗೋಲು 6 ಅಡಿಯದೇ. ಮೈದಾನ 70 ಮೀಟರ್ ಉದ್ದ, 36 ಮೀಟರ್ ಅಗಲ. ಎಂಟೆಂಟು ನಿಮಿಷದ ನಾಲ್ಕು ಭಾಗ. ಆರು ಜನ, 30 ಸೆಕೆಂಡು, ಗಿಡ್ಡ ಕೋಲು, ಇವು ಮಾತ್ರ ಬಾಕ್ಸ್ ಥರ.

ಚಾಮರಾಜಪುರಂನಿಂದ: ಕೋಲು ಎಲ್ಲಿ ಸಿಗುತ್ತೆ? ಎಷ್ಟಾಗುತ್ತೆ?

ಸರಸ್ವತಿಪುರಂನ ಹಿರಿಯರು: ನಾನು ಹಾಕಿ ಆಡಿದವನು. ನಮ್ಮಲ್ಲಿ ಎದುರಾಳಿಗೆ ಸ್ಟಿಕ್ ತಾಗಿಸಿದರೆ ಸೀಟಿ ಊದುತ್ತಾರೆ. ಇಲ್ಲಿ ಹೊಡೆದರೂ ಸುಮ್ಮನಿದ್ದಾರಲ್ಲ?

ಫಿಸಿಯೋ ಮೇಡಂ: ಪುರುಷರ ಆಟದಲ್ಲಿ ಎದುರಾಳಿಯ ಕೋಲಿಗೆ, ಕೋಲು ಹಿಡಿದ ಗ್ಲೌಸಿಗೆ ಹೊಡೆದು ಚೆಂಡು ಬೀಳಿಸಬಹುದು ಸರ್. ಎರಡು ಕೈಯಲ್ಲಿ ಕೋಲು ಅಡ್ಡ ಹಿಡಿದು ತಳ್ಳುವುದು ಮೈದಾನದಲ್ಲಿ ತಪ್ಪು, ಬಾಕ್ಸ್‌ನಲ್ಲಿ ಮಿತಿಯೊಳಗೆ ನಡೆಯುತ್ತದೆ. ಅದಕ್ಕೇ ಬಾಕ್ಸ್ ಆಟಗಾರರು ಪಕ್ಕೆಲುಬು, ತೋಳಿಗೆಲ್ಲ ದಪ್ಪ ಪ್ಯಾಡ್ ಕಟ್ಟುತ್ತಾರೆ.

ಹೆಬ್ಬಾಳದಿಂದ ಒಬ್ಬ ತಾಯಿ: ಮಗಳು ಸೇರ್ತೀನಿ ಅಂತಿದ್ದಾಳೆ. ಇಷ್ಟೆಲ್ಲ ಹೊಡೆದಾಟ ಇದ್ರೆ ಹೇಗೆ ಕಳಿಸೋದು ಅಕ್ಕ?

ಫಿಸಿಯೋ ಮೇಡಂ: ಹುಡುಗಿಯರ ಮೈದಾನದ ಆಟದಲ್ಲಿ ಮೈಗೆ ಮೈ ತಾಗಿಸುವುದು ತುಂಬಾ ಕಮ್ಮಿ. ಕಣ್ಣಿಗೆ ರಕ್ಷಣೆಯ ಕನ್ನಡಕ, ಹಲ್ಲಿಗೆ ಗಾರ್ಡ್ ಬೇಕೇ ಬೇಕು. ಗೋಲಿಯಾದರೆ ಹೆಲ್ಮೆಟ್ ಸೇರಿ ಪೂರ್ತಿ ರಕ್ಷಣೆ. ಧೈರ್ಯವಾಗಿ ಕಳಿಸಿ.

ಜಯಲಕ್ಷ್ಮಿಪುರಂನಿಂದ: ನನ್ನ ಹಿಮ್ಮಡಿ ನೋವಿಗೆ ಒಂದು ರಬ್ಬರ್ ಚೆಂಡು ಕೊಟ್ಟು ಪಾದದ ಕೆಳಗೆ ಉರುಳಿಸಿ ಅಂದಿದ್ರು. ಇದೇ ಚೆಂಡಾ?

ಫಿಸಿಯೋ ಮೇಡಂ: ಅದೇ. ಒಳಗೆಲ್ಲ ಗಟ್ಟಿ ರಬ್ಬರ್, 145 ಗ್ರಾಂ ಆಸುಪಾಸು. ಕೈಯಲ್ಲಿ ಹಿಡಿದು ನೋಡಿದವರಿಗೆ ಅದರ ಪೆಟ್ಟು ಗೊತ್ತಾಗುತ್ತದೆ. ಹಿಮ್ಮಡಿ ವಿಷಯ ಇಲ್ಲಿ ಬೇಡ.

ಮಂಡ್ಯದಿಂದ ಒಬ್ಬ ತಂದೆ: ಮೇಡಂ, ಮಗನಿಗೆ 14 ವರ್ಷ. ಮಳೆ ಅಂತ ಹುಡುಗರೆಲ್ಲ ಒಂದು ಶಟಲ್ ಹಾಲ್‌ನಲ್ಲಿ ಬಾಕ್ಸ್ ಥರ ಆಡ್ತಿದ್ರು. ನಿನ್ನೆ ಇವನು ಗೋಲಿನಲ್ಲಿ ನಿಂತಿದ್ದ. ಹತ್ತಿರದಿಂದ ಹೊಡೆದ ಚೆಂಡು ಎದೆಗೆ ಬಿತ್ತು. ಕುಸಿದುಬಿಟ್ಟ. ಸ್ವಲ್ಪ ಹೊತ್ತು ಕರೆದರೂ ಮಾತಾಡಲಿಲ್ಲವಂತೆ. ಆಮೇಲೆ ಎದ್ದು ನೀರು ಕುಡಿದ. ಕ್ರಿಕೆಟ್ ಚೆಸ್ಟ್ ಗಾರ್ಡ್ ಹಾಕಿದ್ದ. ಈಗ ಆರಾಮಾಗಿದ್ದಾನೆ, ಅಜ್ಜಿ ಅರಿಶಿನ ಹಚ್ಚಿದ್ದಾರೆ. ನಾಳೆ ಆಡಬಹುದಾ? ಹೊರಗೆ ಆಡಿದ್ರೆ ಈ ತೊಂದರೆ ಇರಲ್ವಾ?

ಫಿಸಿಯೋ ಮೇಡಂ: ಆಡಬಾರದು. ಇದನ್ನು ಓದಿದ ತಕ್ಷಣ ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಇಸಿಜಿ ಮಾಡಿಸಿ. "ಎದೆಗೆ ಪೆಟ್ಟು ಬಿತ್ತು" ಅಂತ ಮಾತ್ರ ಹೇಳಬೇಡಿ. "ಕರೆದರೂ ಮಾತಾಡಲಿಲ್ಲ" ಅನ್ನುವುದನ್ನು ಬಿಡದೆ ಹೇಳಿ. ವೈದ್ಯರಿಗೆ ಬೇಕಾದ್ದು ಆ ಮಾತು. ಉಸಿರು ಕಟ್ಟಿ ಬಿದ್ದಿರಬಹುದು, ಅದು ಸಾಮಾನ್ಯ. ಹೃದಯದ ಬಡಿತ ತಪ್ಪಿರಲೂಬಹುದು. ಯಾವುದು ಅಂತ ಗುಂಪಿನಲ್ಲಿ ಕೂತು ತೀರ್ಮಾನ ಮಾಡುವ ಹಾಗಿಲ್ಲ.

ಯಾಕೆ ಹೆದರಿದೆ ಅಂತ ಹೇಳುತ್ತೇನೆ. ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ ಕಣ್ಣು ಮಿಟುಕಿಸುವುದಕ್ಕಿಂತ ಚಿಕ್ಕ ಒಂದು ಗಳಿಗೆ ಇದೆ. ಸರಿಯಾಗಿ ಆಗಲೇ ಹೃದಯದ ಮೇಲೆ ಗಟ್ಟಿ ಚೆಂಡು ಬಿದ್ದರೆ ಬಡಿತ ದಿಕ್ಕೆಟ್ಟು ರಕ್ತ ಓಡುವುದೇ ನಿಂತುಹೋಗಬಹುದು. ಕಮೋಷಿಯೋ ಕಾರ್ಡಿಸ್ ಅಂತಾರೆ. ತುಂಬಾ ಅಪರೂಪ. ಆದರೆ ಆಗುವುದು ಹೃದಯದಲ್ಲಿ ಯಾವ ದೋಷವೂ ಇಲ್ಲದ ಹದಿಹರೆಯದ ಹುಡುಗರಿಗೇ ಜಾಸ್ತಿ. ಅವರ ಎದೆಗೂಡು ಇನ್ನೂ ಬಾಗುತ್ತದೆ, ಪೆಟ್ಟು ಒಳಗೆ ಇಳಿಯುತ್ತದೆ.

ಇನ್ನು ಒಳಗೆ ಹೊರಗೆ ಅನ್ನುವ ಪ್ರಶ್ನೆ. ಬಾಕ್ಸ್ ಗೋಲು ಚಿಕ್ಕದು, ಆದ್ದರಿಂದ ಗೋಲಿ ಮೈಯಿಂದಲೇ ಅದನ್ನು ಮುಚ್ಚುತ್ತಾನೆ. ಚೆಂಡು ಮೈಗೆ ಬೀಳಲಿ ಅಂತಲೇ ನಿಲ್ಲುತ್ತಾನೆ. ಅದಕ್ಕೆ ಭುಜದಿಂದ ಪಾದದವರೆಗೆ ದಪ್ಪ ರಕ್ಷಣೆ ಇರುತ್ತದೆ. ಮೈದಾನದ ಗೋಲು ದೊಡ್ಡದು. ಅಲ್ಲಿ ಗೋಲಿ ಅಗಲ ಬಾಯಿಯ ಕೋಲು ಹಿಡಿದು ಚೆಂಡಿನ ಕಡೆ ನುಗ್ಗಬೇಕು, ಕಾಲಿಗೆ ಹೆಚ್ಚು ಪ್ಯಾಡ್ ಇರಲ್ಲ. ನಿಮ್ಮ ಹುಡುಗರು ನಿಂತದ್ದು ಬಾಕ್ಸ್ ಗೋಲಿಯ ಹಾಗೆ, ಎದೆಗೆ ಕಟ್ಟಿದ್ದು ಕ್ರಿಕೆಟ್ ಗಾರ್ಡ್. ಈ ಕಲಬೆರಕೆ ಅಪಾಯ. ಕ್ರಿಕೆಟ್ ಗಾರ್ಡ್ ಪಕ್ಕೆಲುಬಿನ ನೋವು ತಡೆಯಲು ಇರುವುದು, ಈ ಅಪಾಯಕ್ಕೆ ಅಂತ ಪರೀಕ್ಷೆ ಮಾಡಿದ್ದಲ್ಲ. ಅಮೆರಿಕದಲ್ಲಿ ಹುಡುಗರ ಮೈದಾನದ ಆಟಕ್ಕೆ ಇದಕ್ಕೆಂದೇ ಪರೀಕ್ಷಿಸಿದ ಎದೆಗವಚ 2021ರಿಂದ ಗೋಲಿಗಳಿಗೆ, 2022ರಿಂದ ಎಲ್ಲರಿಗೂ ಕಡ್ಡಾಯ ಆಯಿತು. ಹೊರಗೆ ಆಡಿದರೆ ಅಪಾಯ ಇಲ್ಲ ಅನ್ನುವ ಹಾಗಿದ್ದರೆ ಆ ನಿಯಮ ಯಾಕೆ ಬರುತ್ತಿತ್ತು?

ಹಾಲ್‌ನಲ್ಲಿ ಇನ್ನು ಮೇಲೆ ಟೆನಿಸ್ ಚೆಂಡು. ಎದೆಗೆ ಪೆಟ್ಟು ಬಿದ್ದು ಯಾರಾದರೂ ಕುಸಿದು, ಎಬ್ಬಿಸಿದರೂ ಏಳದೆ, ಉಸಿರು ಸರಿಯಿಲ್ಲದಿದ್ದರೆ ಒಬ್ಬರು 108ಕ್ಕೆ ಕರೆ ಮಾಡಿ, ಇನ್ನೊಬ್ಬರು ಎದೆಯ ನಡುವೆ ಎರಡೂ ಅಂಗೈ ಇಟ್ಟು ಒತ್ತಲು ಶುರು ಮಾಡಬೇಕು. ಸುಮಾರು 5 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ. ಹತ್ತಿರದಲ್ಲಿ ಎಇಡಿ, ಅಂದರೆ ಹೃದಯಕ್ಕೆ ಶಾಕ್ ಕೊಡುವ ಯಂತ್ರ, ಇದ್ದರೆ ಓಡಿ ತರಿಸಿ. ತಡವಾದ ಒಂದೊಂದು ನಿಮಿಷಕ್ಕೂ ಬದುಕುವ ಅವಕಾಶ ಇಳಿಯುತ್ತದೆ.

ನಂಜನಗೂಡಿನಿಂದ: *ಫಾರ್ವರ್ಡ್ ಸಂದೇಶ:* ಎದೆಗೆ ಪೆಟ್ಟಾದರೆ ಜೋರಾಗಿ ಕೆಮ್ಮಿಸಿ, ಹೃದಯ ಮತ್ತೆ ಶುರುವಾಗುತ್ತದೆ! ಮೂಗಿಗೆ ಈರುಳ್ಳಿ ಹಿಡಿಯಿರಿ! ಹತ್ತು ಜನಕ್ಕೆ ಕಳಿಸಿ, ಜೀವ ಉಳಿಸಿ!

ಫಿಸಿಯೋ ಮೇಡಂ: ದಯವಿಟ್ಟು ಅಳಿಸಿ. ಪ್ರಜ್ಞೆ ಇಲ್ಲದವನು ಕೆಮ್ಮುವುದು ಹೇಗೆ? ನೀವು ಈರುಳ್ಳಿ ಹುಡುಕುವ ಹೊತ್ತಿನಲ್ಲಿ ಎರಡು ನಿಮಿಷ ಹೋಯಿತು. ಅರಿಶಿನ ಚರ್ಮದ ಮೇಲೆ ಇರಲಿ, ಬೇಡ ಅನ್ನಲ್ಲ. ಅದು ಇಸಿಜಿಗೆ ಬದಲಿ ಅಲ್ಲ.

ನಂಜನಗೂಡಿನಿಂದ: ಒಳ್ಳೇದಕ್ಕೆ ಹಾಕಿದ್ದು ಮೇಡಂ. ಸಿಟ್ಟು ಯಾಕೆ?

ಸರಸ್ವತಿಪುರಂನ ಹಿರಿಯರು: ಗೋಡೆ ಕಟ್ಟಿ ಆಡೋದೇ ತಪ್ಪು ಅನ್ನೋದು ನನ್ನ ಅಭಿಪ್ರಾಯ. ಉತ್ತರ ಅಮೆರಿಕದ ಮೂಲನಿವಾಸಿಗಳು ಬಯಲಲ್ಲಿ ಆಡಿದ್ದು. ಅದು ಆಟ. ಇದು ವ್ಯಾಪಾರ.

ವಿಜಯನಗರದ ಹುಡುಗ: ಅಂಕಲ್, ಆ ಮೂಲನಿವಾಸಿಗಳೇ ಬಾಕ್ಸ್‌ನಲ್ಲಿ ದೊಡ್ಡ ಆಟಗಾರರು. ಅವರದೇ ಹೌಡೆನೊಸೌನಿ ತಂಡ ಎರಡರಲ್ಲೂ ವಿಶ್ವ ಚಾಂಪಿಯನ್‌ಷಿಪ್ ಆಡುತ್ತೆ. ಇಕ್ಕಟ್ಟಲ್ಲಿ ಆಡಿ ಕಲಿತವರ ಕೈಯಿಂದ ಚೆಂಡು ಕಿತ್ಕೊಳ್ಳೋದು ಕಷ್ಟ.

ಸರಸ್ವತಿಪುರಂನ ಹಿರಿಯರು: ಅಷ್ಟು ಚೆನ್ನಾಗಿದ್ರೆ 2018, 2023 ಎರಡು ಸಲಾನೂ ಪುರುಷರ ಮೈದಾನದ ಕಪ್ ಅಮೆರಿಕ ಯಾಕೆ ಗೆದ್ದಿತು? ಅವರದು ಬಯಲಿನ ಆಟ.

ವಿಜಯನಗರದ ಹುಡುಗ: 2014ರಲ್ಲಿ ಕೆನಡಾ ಗೆದ್ದಿತ್ತಲ್ಲ. ಅರ್ಧ ಲೆಕ್ಕ ಹೇಳಬೇಡಿ.

ಮದ್ದೂರಿನಿಂದ: ಮೈಸೂರಿನವರು ಜಗಳ ಆಡ್ತಾ ಇರಿ. ಮೊದಲು ನಮ್ಮ ಮಂಡ್ಯ ಕಡೆ ಹುಡುಗರಿಗೆ ಒಂದು ಒಳ್ಳೆ ಮೈದಾನ ಕೊಡ್ಸಿ.

ಸರಸ್ವತಿಪುರಂನ ಹಿರಿಯರು: ನಿಮ್ಮ ಎಂಎಲ್‌ಎನ ಕೇಳಿ.

ಅಡ್ಮಿನ್: ರಾಜಕೀಯ ಬೇಡ.

ಕುವೆಂಪುನಗರದಿಂದ: ಮೇಡಂ, ಒಲಿಂಪಿಕ್ಸ್‌ನಲ್ಲಿ ಬಾಕ್ಸ್ ಆಡಿಸ್ತಾರಾ?

ಫಿಸಿಯೋ ಮೇಡಂ: ಇಲ್ಲ. ಮೇಲೆ ಓದಿ.

ಚಾಮರಾಜಪುರಂನಿಂದ: ಕೋಲಿನ ಬಗ್ಗೆ ಎರಡನೇ ಸಲ ಕೇಳ್ತಿದ್ದೀನಿ.

ಹೆಬ್ಬಾಳದಿಂದ ಒಬ್ಬ ತಾಯಿ: ಅಕ್ಕ, ಈಗ ನನಗೂ ಭಯ ಆಯ್ತು. ಮಗಳನ್ನ ಕಳಿಸಲಾ ಬೇಡವಾ?

ಫಿಸಿಯೋ ಮೇಡಂ: ಕಳಿಸಿ ಅಂದೆನಲ್ಲ. ಸರಿಯಾದ ರಕ್ಷಣೆ ಹಾಕಿಸಿ ಕಳಿಸಿ.

ಮಂಡ್ಯದಿಂದ ಒಬ್ಬ ತಂದೆ: ಮೇಡಂ, ಇಲ್ಲಿನ ಮಿಮ್ಸ್ ಆಸ್ಪತ್ರೆಗೆ ಹೊರಟಿದ್ದೀವಿ. ಇವನು ನನಗೇನೂ ಆಗಿಲ್ಲ ಅಂತ ಹಟ ಮಾಡ್ತಿದ್ದಾನೆ. ಬೈಕಲ್ಲಿ ಕೂರಿಸ್ಕೊಂಡು ಹೋಗಬಹುದಾ?

ಫಿಸಿಯೋ ಮೇಡಂ: ಬೈಕ್ ಬೇಡ, ಆಟೋ ಅಥವಾ ಕಾರು. ದಾರಿಯಲ್ಲಿ ತಲೆ ಸುತ್ತು, ಎದೆ ನೋವು, ಎದೆ ಡವಗುಟ್ಟೋದು ಅಂದರೆ ತಡಮಾಡದೆ 108. ಇಸಿಜಿ ನೋಡಿ ಮೈಸೂರಿನ ಜಯದೇವಕ್ಕೆ ಹೋಗಿ ಅಂದರೆ ನಾಳೆ ನಾಡಿದ್ದು ಅನ್ನಬೇಡಿ. ಆ ಹಾಲ್‌ನಲ್ಲಿ ಆಡುವ ಉಳಿದ ಹುಡುಗರ ಮನೆಯವರಿಗೂ ಇವತ್ತೇ ಫೋನ್ ಮಾಡಿ. ನಾಳೆ ಸಂಜೆ ಅವರ್‍ಯಾರೂ ಗಟ್ಟಿ ಚೆಂಡು ಹಿಡಿದು ಗೋಲಿನ ಮುಂದೆ ನಿಲ್ಲಬಾರದು.

ನಂಜನಗೂಡಿನಿಂದ: ಗ್ರೂಪ್ ಬಿಡ್ತಿದ್ದೀನಿ. ಒಳ್ಳೇದು ಮಾಡೋಕೆ ಬಂದವರಿಗೆ ಇಲ್ಲಿ ಬೆಲೆ ಇಲ್ಲ.

ಫಿಸಿಯೋ ಮೇಡಂ: ಹೋಗುವ ಮುಂಚೆ ಆ ಮೆಸೇಜ್ ಅಳಿಸಿ.