ಮುಂಗಡಕ್ಕೆ ಫಿಲೇಚರ್ ಸೇರಿದ 12 ವರ್ಷದ ಹುಡುಗ: ಶಾಲೆಗೆ ವಾಪಸ್ ಕರೆತರಲು ಯಾವುದು ಮೊದಲು?

ಪ್ರಶ್ನೆ: ಹಳ್ಳಿಶಾಲೆ ಮೇಷ್ಟ್ರು

ರಾಮನಗರದ ಹತ್ತಿರದ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಏಳನೇ ತರಗತಿಯ ಹುಡುಗ, ದಾಖಲಾತಿ ವಹಿಯ ಪ್ರಕಾರ 12 ವರ್ಷ 8 ತಿಂಗಳು. 34 ದಿನದಿಂದ ಗೈರು. ರೇಷ್ಮೆ ನೂಲು ಬಿಚ್ಚುವ ಘಟಕದಲ್ಲಿ (ಫಿಲೇಚರ್) ಬೇಸಿನ್ ಮುಂದೆ, ಅಂದರೆ ಗೂಡು ಹಾಕುವ ಬಿಸಿನೀರಿನ ತೊಟ್ಟಿಯ ಮುಂದೆ, ಕೂರಿಸಿದ್ದಾರೆ. ತಂದೆ 18,000 ರೂಪಾಯಿ ಮುಂಗಡ ತಂದಿದ್ದಾರೆ, ಬರವಣಿಗೆ ಏನೂ ಇಲ್ಲ. ವಾರಕ್ಕೆ 300 ಕೈಗೆ ಕೊಟ್ಟು ಉಳಿದದ್ದನ್ನು ಮುಂಗಡಕ್ಕೆ ಮುರಿದುಕೊಳ್ಳುತ್ತಾರಂತೆ. "ಸಾಲ ತೀರಲಿ, ಕಳಿಸ್ತೀವಿ" ಅನ್ನುತ್ತಾರೆ ಮನೆಯವರು. "ನಮ್ಮ ಸಂಬಂಧಿಕರ ಹುಡುಗ" ಅನ್ನುತ್ತಾರೆ ಮಾಲೀಕರು. ದೂರು ಕೊಟ್ಟರೆ ತಂದೆ ತಾಯಿಗೆ ಶಿಕ್ಷೆ ಆಗುತ್ತದೆಯೇ? ಕರೆತಂದ ಮೇಲೆ ಹದಿನೈದು ದಿನಕ್ಕೆ ಮತ್ತೆ ಅಲ್ಲಿಗೇ ಹೋಗದಂತೆ ಏನು ಮಾಡಬೇಕು?

ಉತ್ತರ 1: ಕಾರ್ಮಿಕ ಕಾನೂನು

ಮೇಷ್ಟ್ರೇ, ಗಟ್ಟಿ ದಾಖಲೆ ಎರಡು ನಿಮ್ಮ ಬೀರುವಿನಲ್ಲೇ ಇವೆ: ದಾಖಲಾತಿ ವಹಿ, ಹಾಜರಿ ಪುಸ್ತಕ. ಎರಡರ ದೃಢೀಕೃತ ಪ್ರತಿ ಇವತ್ತೇ ಮಾಡಿಡಿ. ತಪಾಸಣೆಗೆ ಹೋದಾಗ ಹುಡುಗನಿಗೆ 15 ಎಂದು ತೋರಿಸುವ ಆಧಾರ್ ನಕಲು ಹೊರಬರುವುದು ಮಾಮೂಲು. ಬಾಲನ್ಯಾಯ ಕಾಯ್ದೆ 2015ರ 94ನೇ ಕಲಂ ಪ್ರಕಾರ ವಯಸ್ಸಿಗೆ ಮೊದಲು ನೋಡಬೇಕಾದ್ದು ಶಾಲೆಯ ಜನ್ಮದಿನಾಂಕ ಪತ್ರ. ಅದಿಲ್ಲದಿದ್ದರೆ ಪಂಚಾಯಿತಿ ಅಥವಾ ಪುರಸಭೆಯ ಜನನ ಪತ್ರ. ಎರಡೂ ಇಲ್ಲದಿದ್ದರೆ ಮಾತ್ರ ವೈದ್ಯರ ಪರೀಕ್ಷೆ. ಆಧಾರ್ ಆ ಪಟ್ಟಿಯಲ್ಲಿಲ್ಲ.

"ಸಂಬಂಧಿಕರ ಹುಡುಗ" ಅನ್ನುವ ಮಾತಿಗೆ ಹಾಜರಿ ಪುಸ್ತಕವೇ ಉತ್ತರ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಆದಮೇಲೆ ಕುಟುಂಬದ ಉದ್ಯಮದಲ್ಲಿ ಮಗು ಕೈಜೋಡಿಸಬಹುದು, ಚಿಕ್ಕಪ್ಪ, ಸೋದರಮಾವ, ಅತ್ತೆ ಎಲ್ಲರೂ ಆ "ಕುಟುಂಬ"ದೊಳಗೆ ಬರುತ್ತಾರೆ ನಿಜ. ಆದರೆ ಶಾಲೆಯ ಸಮಯದಲ್ಲಿ ಕೂಡದು, ಸಂಜೆ 7ರಿಂದ ಬೆಳಿಗ್ಗೆ 8ರವರೆಗೂ ಕೂಡದು. ಆತ ಸ್ವಂತ ಮಾವನೇ ಆಗಿದ್ದರೂ 34 ದಿನದ ಗೈರು ಅವರ ವಾದವನ್ನು ಮುರಿಯುತ್ತದೆ. ಸತತ 30 ದಿನ ಗೈರಾದರೆ ಮುಖ್ಯ ಶಿಕ್ಷಕರು ನೋಡಲ್ ಅಧಿಕಾರಿಗೆ (ಬಾಲಕಾರ್ಮಿಕ ವಿಷಯಕ್ಕೆ ಜಿಲ್ಲಾಧಿಕಾರಿ ನೇಮಿಸಿದ ಅಧಿಕಾರಿ) ತಿಳಿಸಬೇಕೆಂದು 2017ರ ನಿಯಮವೇ ಹೇಳುತ್ತದೆ. ಆ ಪತ್ರ ಹೋಗಿರದಿದ್ದರೆ ಇವತ್ತು ಹೋಗಲಿ, ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ.

ಇನ್ನು ದೂರು. ಹೆಚ್ಚಿನ ಪ್ರಕರಣ ಕೆಡುವುದು ಇಲ್ಲೇ. "ಬಾಲಕಾರ್ಮಿಕ" ಎಂದಷ್ಟೇ ಬರೆದರೆ ಕಾರ್ಮಿಕ ನಿರೀಕ್ಷಕರು ಬಾಲಕಾರ್ಮಿಕ ಕಾಯ್ದೆಯಡಿ ಮೊಕದ್ದಮೆ ಹೂಡುತ್ತಾರೆ (20,000ದಿಂದ 50,000 ದಂಡ, ಇಲ್ಲವೇ 6 ತಿಂಗಳಿಂದ 2 ವರ್ಷ ಜೈಲು, ಅಥವಾ ಎರಡೂ), ಹುಡುಗ ಮನೆಗೆ ಬರುತ್ತಾನೆ, ಸಾಲ ಮಾತ್ರ ಹಾಗೇ ಉಳಿಯುತ್ತದೆ. ಅದನ್ನು ತೀರಿಸಲು ಮುಂದಿನ ತಿಂಗಳು ಶಿಡ್ಲಘಟ್ಟದ್ದೋ ಮಾಗಡಿಯದ್ದೋ ಇನ್ನೊಂದು ಘಟಕ. ಆದ್ದರಿಂದ ಉಪವಿಭಾಗಾಧಿಕಾರಿಗೂ ಒಂದು ಅರ್ಜಿ ಕೊಡಿ. ಅದರಲ್ಲಿ ಮೂರು ಅಂಶ ಬಿಡಿಬಿಡಿಯಾಗಿ ಇರಲಿ: ಮುಂಗಡ ಎಷ್ಟು, ಕೂಲಿಯಲ್ಲಿ ಎಷ್ಟು ಮುರಿಯುತ್ತಾರೆ, ಸಾಲ ತೀರದೆ ಬಿಡುವುದಿಲ್ಲ ಎಂದಿದ್ದಾರೆ. ಆಗ 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಅನ್ವಯವಾಗುತ್ತದೆ. ಕೇಳಬೇಕಾದ ಕಾಗದ ಬಿಡುಗಡೆ ಪತ್ರ, ಅಂದರೆ ಹುಡುಗ ಜೀತದಿಂದ ಬಿಡುಗಡೆಯಾದನೆಂದು ಅಧಿಕಾರಿ ಕೊಡುವ ಪತ್ರ. ಅದಿಲ್ಲದೆ ಪುನರ್ವಸತಿ ಹಣ ಬರುವುದಿಲ್ಲ.

ಘಟಕ ಸಾಮಾನ್ಯವಾಗಿ ಮನೆಯ ಹಿಂದೆಯೇ ಇರುತ್ತದೆ. ಯಾವ ಓಣಿ, ಯಾವ ಬಾಗಿಲು, ಒಲೆ ಉರಿಯುವ ಹೊತ್ತು ಯಾವುದು, ಇಷ್ಟನ್ನೂ ಬರೆದುಕೊಡಿ. ಒಲೆ ಆರಿದ ಮೇಲೆ ಹೋದ ತಂಡಕ್ಕೆ ಖಾಲಿ ಬೇಸಿನ್ ಸಿಗುತ್ತದೆ. ತಪಾಸಣೆಯ ದಿನಾಂಕ ಮನೆಯವರಿಗೂ ಗೊತ್ತಾಗಬಾರದು. ತುರ್ತಾದರೆ ಮಕ್ಕಳ ಸಹಾಯವಾಣಿ 1098.

ಕರೆತಂದ ದಿನವೇ ವೈದ್ಯಕೀಯ ತಪಾಸಣೆ ಆಗಲಿ. ಕುದಿನೀರಿನಲ್ಲಿ ಗೂಡಿನ ಎಳೆ ಹುಡುಕುವ ಬೆರಳುಗಳ ತುದಿ ಬೆಳ್ಳಗೆ ನೆನೆದು ಸುಲಿದಿರುತ್ತದೆ, ಎಳೆ ಕೊಯ್ದ ಸಣ್ಣ ಗೀರುಗಳಿರುತ್ತವೆ. ನಾಲ್ಕೈದು ದಿನ ನೀರು ಬಿಟ್ಟರೆ ಚರ್ಮ ಮಾಯುತ್ತದೆ, ಸಾಕ್ಷಿಯೂ ಹೋಗುತ್ತದೆ. 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಹೇಳಿಕೆ ತೆಗೆದುಕೊಳ್ಳುವಾಗ ಮಾಲೀಕರ ಕಡೆಯವರು ಕಣ್ಣಿಗೂ ಬೀಳಬಾರದು.

ತಂದೆ ತಾಯಿಗೆ ಬಾಲಕಾರ್ಮಿಕ ಕಾಯ್ದೆಯಡಿ ಮೊದಲ ಸಲ ಶಿಕ್ಷೆಯಿಲ್ಲ. ಮತ್ತೆ ಕಳಿಸಿದರೆ 10,000ದವರೆಗೆ ದಂಡ.

ಉತ್ತರ 2: ಪಂಚಾಯಿತಿ ಕಟ್ಟೆ

ಮೇಲಿನ ಉತ್ತರಕ್ಕೆ ಒಂದು ಸೇರ್ಪಡೆ. ಸುದ್ದಿ ಹಬ್ಬಿದ ತಕ್ಷಣ ಊರ ಹಿರಿಯರು "ಅರ್ಧ ಕೊಟ್ಟು ಮುಗಿಸಿಕೊಳ್ಳಿ" ಎಂದು ರಾಜಿಗೆ ಕೂರುತ್ತಾರೆ. ದಯವಿಟ್ಟು ಅದಕ್ಕೆ ಬಿಡಬೇಡಿ. ಜೀತದ ಸಾಲ ಕಾನೂನಿನ ಪ್ರಕಾರ ರದ್ದಾಗುತ್ತದೆ, ಅದನ್ನು ವಸೂಲಿ ಮಾಡಿದವರಿಗೆ 3 ವರ್ಷದವರೆಗೆ ಜೈಲು ಇದೆ. ಅರ್ಧ ಕೊಡಲೆಂದು ಮನೆಯವರು ಸಂಘದಲ್ಲೋ ಫೈನಾನ್ಸ್‌ನಲ್ಲೋ ಸಾಲ ಎತ್ತಿದರೆ ವಾರದ ಕಂತು ಕಟ್ಟಲು ಹುಡುಗ ಮತ್ತೆ ಬೇಸಿನ್ ಮುಂದೆ ಕೂರಬೇಕು.

ಬಿಡುಗಡೆ ಪತ್ರ ಸಿಕ್ಕರೆ ತಕ್ಷಣದ ನೆರವು 30,000ದವರೆಗೆ ಸಿಗುತ್ತದೆ. ಸಾಲ ಮಾಡಿದ ಮನೆಗೆ ಮೊದಲ ತಿಂಗಳು ಇದೇ ಆಸರೆ. ಆಮೇಲೆ ಮಿಷನ್ ವಾತ್ಸಲ್ಯದ (ಕೇಂದ್ರದ ಮಕ್ಕಳ ರಕ್ಷಣಾ ಯೋಜನೆ) ಪ್ರಾಯೋಜಕತ್ವ, ತಿಂಗಳಿಗೆ 4,000. ದುಡಿಮೆಯಿಂದ ಬಿಡಿಸಿದ ಮಕ್ಕಳೂ ಅದರೊಳಗೆ ಬರುತ್ತಾರೆ. ಆದಾಯ ಮಿತಿ ಹಳ್ಳಿಯಲ್ಲಿ ವರ್ಷಕ್ಕೆ 72,000, ಪಟ್ಟಣದಲ್ಲಿ 96,000. ಅರ್ಜಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ತೊಡಕಾಗುವುದು ಆದಾಯ ಪತ್ರದಿಂದ: ಬೇರೆ ಕೆಲಸಕ್ಕೆಂದು ಹಿಂದೆ ಮಾಡಿಸಿದ ಪತ್ರದಲ್ಲಿ ಜಾಸ್ತಿ ಮೊತ್ತ ಇದ್ದರೆ ಅಲ್ಲೇ ತಿರಸ್ಕಾರ. ನಾಡಕಚೇರಿಯಲ್ಲಿ ನಿಜವಾದ ಆದಾಯಕ್ಕೆ ಹೊಸದು ಮಾಡಿಸಿ. ಹಣ ಶುರುವಾಗಲು ತಿಂಗಳುಗಳೇ ಹಿಡಿಯಬಹುದು. ಮೊದಲ ವಾರವೇ ಅರ್ಜಿ ಹಾಕಿ, ಮಕ್ಕಳ ಕಲ್ಯಾಣ ಸಮಿತಿಯ ಆದೇಶದಲ್ಲೇ ಪ್ರಾಯೋಜಕತ್ವಕ್ಕೆ ಶಿಫಾರಸು ಬರೆಸಿಕೊಳ್ಳಿ.

ಉತ್ತರ 3: ಕರಿಹಲಗೆ

ತರಗತಿಯ ಬಗ್ಗೆ ಯಾರೂ ಹೇಳಲಿಲ್ಲ, ಹುಡುಗ ನಿಲ್ಲುವುದೋ ಓಡುವುದೋ ತೀರ್ಮಾನವಾಗುವುದು ಅಲ್ಲೇ. ಹೆಸರು ಹೊಡೆದುಹಾಕಿಲ್ಲ ತಾನೇ? ಹೊಡೆದಿದ್ದರೂ ಶಿಕ್ಷಣ ಹಕ್ಕು ಕಾಯ್ದೆ 2009ರ 4ನೇ ಕಲಂ ಪ್ರಕಾರ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು, ಹಿಂದುಳಿದ ಪಾಠಕ್ಕೆ ವಿಶೇಷ ತರಬೇತಿ ಕೊಡಬೇಕು. ಕನಿಷ್ಠ 3 ತಿಂಗಳು, ಗರಿಷ್ಠ 2 ವರ್ಷ.

ಓದಲು ತಡವರಿಸುತ್ತಾನೆಂದು ನಲಿ-ಕಲಿ ಕಾರ್ಡು ಕೈಗೆ ಕೊಡಬೇಡಿ. ಒಂದನೇ ತರಗತಿಯ ತಂಗಿ ಓದುವ ಚಿತ್ರ ನೋಡಿದ ಕ್ಷಣ ಅವನ ಮುಖ ಸಣ್ಣಗಾಗುತ್ತದೆ. ಗೂಡು ಮಾರುಕಟ್ಟೆಯ ಚೀಟಿ, ಬಸ್ಸಿನ ಬೋರ್ಡು, ಪಡಿತರ ಚೀಟಿ ಓದಿಸಿ. ಕೆಜಿ, ಗ್ರಾಂ, ದರ ಅವನಿಗೆ ಬಾಯಲ್ಲೇ ಬರುತ್ತದೆ. 640 ರೂಪಾಯಿ ದರದಲ್ಲಿ 2 ಕೆಜಿ 250 ಗ್ರಾಂ ಗೂಡಿಗೆ 1,440 ಎಂದು ನಿಮಗಿಂತ ಬೇಗ ಹೇಳಬಹುದು, ಬರೆದು ತೋರಿಸಲು ಬರುವುದಿಲ್ಲ ಅಷ್ಟೆ. ದಶಮಾಂಶವನ್ನು ಅಲ್ಲಿಂದಲೇ ಶುರು ಮಾಡಿ, ಅವನಿಂದಲೇ ಹಲಗೆಯ ಮೇಲೆ ಲೆಕ್ಕ ಹಾಕಿಸಿ. ಬಿಸಿನೀರಿಗೆ ಸುಲಿದ ಬೆರಳಿಗೆ ಪೆನ್ಸಿಲ್ ಹಿಡಿದರೆ ಉರಿಯುತ್ತದೆ. ಮೊದಲ ವಾರ ನಕಲು ಬರೆಸುವುದು ಬೇಡ.

ಜೊತೆಯವರು "ಹುಳದ ವಾಸನೆ" ಎಂದು ಛೇಡಿಸುವುದು ಇನ್ನೊಂದು ಕಾಟ. ಅವನು ಬರುವ ಮುಂಚೆಯೇ ತರಗತಿಗೆ ಗಟ್ಟಿಯಾಗಿ ಹೇಳಿಡಿ.

ಹಳ್ಳಿಶಾಲೆ ಮೇಷ್ಟ್ರು

ಎಲ್ಲರಿಗೂ ಧನ್ಯವಾದ. 30 ದಿನದ ಪತ್ರ ಹೋಗಿರಲಿಲ್ಲ, ನಾಳೆ ಬೆಳಿಗ್ಗೆಯೇ ಕಳಿಸುತ್ತೇನೆ. ಅವನ ಅಕ್ಕನಿಗೆ 15. ಬಟ್ಟೆ ಅಂಗಡಿಯಲ್ಲಿ ಬೆಳಿಗ್ಗೆ 10ರಿಂದ ರಾತ್ರಿ 9ರವರೆಗೆ ನಿಲ್ಲುತ್ತಾಳೆ. ಅವಳದ್ದೂ ಇದೇ ಅರ್ಜಿಯಲ್ಲಿ ಸೇರಿಸಬಹುದೇ?

ಉತ್ತರ 4: ಕಾರ್ಮಿಕ ಕಾನೂನು

ಬೇರೆ ಅರ್ಜಿ ಕೊಡಿ. 14 ತುಂಬಿದವರು ಅಪಾಯಕಾರಿಯಲ್ಲದ ಕೆಲಸ ಮಾಡಬಹುದು, ಆದರೆ ಬಿಡುವೂ ಸೇರಿ ದಿನಕ್ಕೆ 6 ಗಂಟೆ ಮಾತ್ರ. 3 ಗಂಟೆ ಆದಮೇಲೆ 1 ಗಂಟೆ ಬಿಡುವು, ವಾರಕ್ಕೊಂದು ರಜೆ, ಸಂಜೆ 7ರ ಮೇಲೆ ಕೆಲಸ ಕೂಡದು. 11 ಗಂಟೆ ನಿಲ್ಲಿಸಿಕೊಳ್ಳುವುದು ನೇರ ಉಲ್ಲಂಘನೆ, ಕಾರ್ಮಿಕ ನಿರೀಕ್ಷಕರಿಗೆ ಕೊಡಿ. ಅವಳ ಹೆಸರಲ್ಲೂ ಅಂಗಡಿಯಿಂದ ಮುಂಗಡ ಬಂದಿದೆಯೇ ಎಂದು ತಾಯಿಯ ಹತ್ತಿರ ಒಬ್ಬರೇ ಇರುವಾಗ ಕೇಳಿ. ಬಂದಿದ್ದರೆ ಅದೂ ಉಪವಿಭಾಗಾಧಿಕಾರಿಗೇ ಹೋಗಬೇಕು.